ಗಣಿ ಅಲ್ಲೇ ಇದೆ, ಷೇರು ಎಲ್ಲಿ?

2022ರ ಮಾರ್ಚ್ 10. ರಷ್ಯ ಉಕ್ರೇನಿನ ಮೇಲೆ ಯುದ್ಧ ಶುರುಮಾಡಿ ಎರಡು ವಾರವಾಗಿತ್ತು. ರಷ್ಯದ ಸಿರಿವಂತ, ಚೆಲ್ಸಿಯ ಒಡೆಯ ರೋಮನ್ ಅಬ್ರಮೋವಿಚ್ ಹೆಸರನ್ನು ಬ್ರಿಟನ್ ಸರ್ಕಾರ ನಿರ್ಬಂಧದ ಪಟ್ಟಿಗೆ ಸೇರಿಸಿದ ದಿನ. ಪತ್ರಿಕೆಗಳೆಲ್ಲ ಚೆಲ್ಸಿ ಫುಟ್‌ಬಾಲ್ ಕ್ಲಬ್ ಕಥೆ ಏನಾಗುತ್ತೆ ಅಂತ ಪುಟಗಟ್ಟಲೆ ಬರೆದವು. ಅದೇ ದಿನ ಲಂಡನ್ ಷೇರುಪೇಟೆಯಲ್ಲಿ ಎವ್ರಾಜ್ ಅನ್ನೋ ಕಂಪನಿಯ ಷೇರು ವಹಿವಾಟು ನಿಂತುಹೋಯಿತು. ಕೊನೆಯ ಬೆಲೆ ಸುಮಾರು 81 ಪೆನ್ಸ್. ವರ್ಷದ ಆರಂಭದಲ್ಲಿ ಅದೇ ಷೇರು 5 ಪೌಂಡಿಗಿಂತ ಮೇಲಿತ್ತು.

ಎವ್ರಾಜ್ ಸಣ್ಣಪುಟ್ಟ ಕಂಪನಿ ಅಲ್ಲ. ರಷ್ಯದಲ್ಲಿ ಕಲ್ಲಿದ್ದಲು, ಕಬ್ಬಿಣದ ಅದಿರು, ಉಕ್ಕಿನ ಕಾರ್ಖಾನೆಗಳು. ಅಮೆರಿಕ ಮತ್ತು ಕೆನಡಾದಲ್ಲೂ ಉಕ್ಕಿನ ವ್ಯವಹಾರ. ಲಂಡನ್‌ನ ಅತಿ ದೊಡ್ಡ ನೂರು ಕಂಪನಿಗಳ ಪಟ್ಟಿಯಾದ ಫುಟ್ಸಿ 100ರಲ್ಲಿ ಅದಕ್ಕೆ ಜಾಗ ಇತ್ತು. ಅಬ್ರಮೋವಿಚ್ ಪಾಲು ಅರ್ಧಕ್ಕಿಂತ ಎಷ್ಟೋ ಕಡಿಮೆ, ಸುಮಾರು 28%. ಉಳಿದ ಷೇರುದಾರರಲ್ಲಿ ಪೆನ್ಷನ್ ಫಂಡ್‌ಗಳಿದ್ದವು, ಸಾಮಾನ್ಯ ಜನರೂ ಇದ್ದರು. ಒಬ್ಬನ ಮೇಲೆ ಬಿದ್ದ ನಿರ್ಬಂಧಕ್ಕೆ ಎಲ್ಲರ ಷೇರೂ ಸಿಕ್ಕಿಕೊಂಡಿತು. ಮೇ 5ರಂದು ಬ್ರಿಟನ್ ಕಂಪನಿಯ ಮೇಲೇ ನೇರವಾಗಿ ನಿರ್ಬಂಧ ಹಾಕಿತು. ವರ್ಷಗಳು ಕಳೆದರೂ ಆ ವಹಿವಾಟು ಮತ್ತೆ ಶುರುವಾಗಲಿಲ್ಲ.

ಇದನ್ನು ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಇಂಗ್ಲೆಂಡಿನಲ್ಲಿರುವ ನಮ್ಮ ಕನ್ನಡದ ಗೆಳೆಯರ ನಡುವೆ ಗಣಿ ಷೇರುಗಳ ಮಾತು ಮತ್ತೆ ಜೋರಾಗಿದೆ. 2022ರ ಆರಂಭದಲ್ಲಿ ಔನ್ಸಿಗೆ 1,800 ಡಾಲರ್ ಸುಮಾರಿನಲ್ಲಿದ್ದ ಚಿನ್ನ 2025ರ ಅಕ್ಟೋಬರ್‌ನಲ್ಲಿ 4,000 ದಾಟಿತು. ಚಿನ್ನ ಏರಿದಾಗ ಚಿನ್ನದ ಗಣಿ ಕಂಪನಿಯ ಷೇರು ಇನ್ನೂ ಜಾಸ್ತಿ ಏರುತ್ತೆ ಅನ್ನೋ ಲೆಕ್ಕ ಎಲ್ಲರಿಗೂ ಗೊತ್ತು. ಆ ಲೆಕ್ಕ ಬಹಳ ಸಲ ಸರಿಯಾಗಿಯೇ ಇರುತ್ತೆ. ಆದರೆ ಚಿನ್ನ ಏರುತ್ತೆ ಅಂತ ಸರಿಯಾಗಿ ಊಹಿಸಿ, ಸರಿಯಾದ ಗಣಿಯನ್ನೇ ಆರಿಸಿ, ಆಮೇಲೂ ದುಡ್ಡು ಕಳೆದುಕೊಂಡವರಿದ್ದಾರೆ. ಅವರ ಕಥೆ ಯಾರೂ ಹೇಳೋದಿಲ್ಲ.

ಹಾಸನದ ಕಡೆಯ ಹಿರಿಯ ಗೆಳೆಯರೊಬ್ಬರು ಅಂಥವರಲ್ಲಿ ಒಬ್ಬರು. ಅವರ ಹತ್ತಿರ ಇದ್ದದ್ದು ಪಾಲಿಮೆಟಲ್. 1998ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಶುರುವಾದ ಚಿನ್ನ, ಬೆಳ್ಳಿ ಗಣಿ ಕಂಪನಿ. 2011ರಲ್ಲಿ ಲಂಡನ್‌ಗೆ ಬಂತು. ನೋಂದಣಿ ಜರ್ಸಿ ದ್ವೀಪದಲ್ಲಿ, ಗಣಿಗಳು ರಷ್ಯ ಮತ್ತು ಕಜಾಕಸ್ತಾನದಲ್ಲಿ. ಡಿವಿಡೆಂಡ್, ಅಂದರೆ ಷೇರುದಾರರಿಗೆ ಹಂಚುವ ಲಾಭ, ಚೆನ್ನಾಗಿ ಕೊಡುತ್ತಿತ್ತು. ಉತ್ಪಾದನೆಯ ಖರ್ಚು ಕಡಿಮೆ. ವಾರ್ಷಿಕ ವರದಿ ಓದಿದರೆ ಯಾರಿಗಾದರೂ ನಂಬಿಕೆ ಬರುತ್ತಿತ್ತು. ಅವರು ಸುಮ್ನೆ ಯಾರೋ ಹೇಳಿದರು ಅಂತ ತೆಗೆದುಕೊಂಡವರಲ್ಲ, ಕೂತು ಓದಿ ತೆಗೆದುಕೊಂಡಿದ್ದರು.

ಯುದ್ಧ ಶುರುವಾದ ಫೆಬ್ರುವರಿ 24ರಂದೇ ಷೇರು ಬೆಲೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹೋಯಿತು. ಮಾರ್ಚ್ ಮೊದಲ ವಾರಗಳಲ್ಲಿ ಎರಡು ಪೌಂಡಿಗಿಂತ ಕೆಳಗೆ ಬಂತು. ವರ್ಷದ ಆರಂಭದಲ್ಲಿ ಅದು 13 ಪೌಂಡ್ ಆಸುಪಾಸಿನಲ್ಲಿತ್ತು. ಗಮನಿಸಿ, ಆಗ ಪಾಲಿಮೆಟಲ್ ಮೇಲೆ ಯಾವ ದೇಶದ ನಿರ್ಬಂಧವೂ ಇರಲಿಲ್ಲ. ಗಣಿಗಳು ಎಂದಿನಂತೆ ನಡೆಯುತ್ತಿದ್ದವು. ಅದೇ ದಿನಗಳಲ್ಲಿ ಚಿನ್ನದ ಬೆಲೆ ಮೇಲೇರುತ್ತಿತ್ತು.

"ಗಣಿ ಅಲ್ಲೇ ಇದೆ, ಚಿನ್ನ ಅಲ್ಲೇ ಇದೆ. ನನ್ನ ಷೇರಿಗೆ ಏನಾಯ್ತು ಹೇಳಿ?" ಅಂತ ಅವರು ಫೋನಿನಲ್ಲಿ ಕೇಳಿದ್ದರು. ಆ ಪ್ರಶ್ನೆಗೆ ಆವತ್ತು ಸರಿಯಾಗಿ ಉತ್ತರ ಕೊಡೋಕೆ ಆಗಲಿಲ್ಲ. ಈಗ ಕೊಡಬಹುದು ಅನ್ನಿಸುತ್ತೆ.

ನಾವು ಕೊಳ್ಳುವುದು ಗಣಿಯನ್ನಲ್ಲ. ಆ ಗಣಿಯ ಲಾಭದಲ್ಲಿ ಪಾಲು ಕೇಳುವ ಒಂದು ಹಕ್ಕನ್ನು. ಆ ಹಕ್ಕು ನಮ್ಮ ಕೈಗೆ ಬರುವಷ್ಟರಲ್ಲಿ ಎಷ್ಟೋ ಜನರ ಕೈ ದಾಟಿರುತ್ತೆ. ಗಣಿ ನಡೆಸುವ ಕಂಪನಿ, ಅದರ ಮೇಲಿನ ಹೋಲ್ಡಿಂಗ್ ಕಂಪನಿ, ಷೇರು ನೋಂದಾಯಿಸಿದ ದೇಶ, ಷೇರುಪೇಟೆ, ಷೇರು ಇಟ್ಟುಕೊಳ್ಳುವ ಡಿಪಾಸಿಟರಿ, ನಮ್ಮ ಬ್ರೋಕರ್. ಇದರಲ್ಲಿ ಒಬ್ಬರು ಕೈ ಹಿಂದೆ ತೆಗೆದರೂ ಸಾಕು. ಭೂಮಿಯಲ್ಲಿ ಎಷ್ಟೇ ಚಿನ್ನವಿದ್ದರೂ ನಮಗೆ ತಲುಪೋದಿಲ್ಲ.

2022ರ ಮಾರ್ಚ್‌ನಲ್ಲಿ ಮೊದಲು ಕೈ ತೆಗೆದವರು ಬ್ರೋಕರ್‌ಗಳು. ಎಷ್ಟೋ ದೊಡ್ಡ ಸಂಸ್ಥೆಗಳು ರಷ್ಯ ಅನ್ನೋ ಹೆಸರಿರುವ ಯಾವ ಷೇರನ್ನೂ ಮುಟ್ಟಲ್ಲ ಅಂದವು. ಕಾನೂನು ಬೇಡ ಅಂದಿರಲಿಲ್ಲ. ಆದರೆ ನಾಳೆ ಏನು ನಿರ್ಬಂಧ ಬರುತ್ತೋ, ತಪ್ಪಿದರೆ ಎಷ್ಟು ದಂಡವೋ ಅನ್ನೋ ಭಯ. ಆ ಭಯವನ್ನು ತಪ್ಪು ಅನ್ನಲಾರೆ. ಆದರೆ ಅದರ ಪರಿಣಾಮ ನೋಡಿ. ಕೊಳ್ಳುವವರು ಕಡಿಮೆಯಾದರು, ವಹಿವಾಟು ಒಣಗಿತು. ಆಗ ಸೂಚ್ಯಂಕ ನಡೆಸುವ ಫುಟ್ಸಿ ರಸೆಲ್ ಸಂಸ್ಥೆ ಹೇಳಿತು: ಈ ಷೇರುಗಳನ್ನು ಸಂಸ್ಥೆಗಳು ಸರಿಯಾಗಿ ಕೊಂಡು ಮಾರೋಕೆ ಆಗುತ್ತಿಲ್ಲ, ಆದ್ದರಿಂದ ಸೂಚ್ಯಂಕದಿಂದ ತೆಗೆಯುತ್ತೇವೆ. ಎವ್ರಾಜ್, ಪಾಲಿಮೆಟಲ್, ಪೆಟ್ರೊಪಾವ್ಲೊವ್ಸ್ಕ್, ಇವುಗಳ ಜೊತೆ ರೇವನ್ ಪ್ರಾಪರ್ಟಿ. ನಾಲ್ಕೂ ಹೋದವು.

ಸೂಚ್ಯಂಕದಿಂದ ತೆಗೆದರೆ ಏನಾಯ್ತು, ಕಂಪನಿ ಅದೇ ತಾನೇ ಅಂತ ಕೆಲವರು ಕೇಳುತ್ತಾರೆ. ಕಂಪನಿ ಅದೇ, ನಿಜ. ಆದರೆ ಇಂಡೆಕ್ಸ್ ಫಂಡ್‌ಗಳಿಗೆ ಆಯ್ಕೆ ಅನ್ನೋದೇ ಇಲ್ಲ. ಸೂಚ್ಯಂಕದಲ್ಲಿ ಏನಿದೆಯೋ ಅದನ್ನೇ ಇಟ್ಟುಕೊಳ್ಳಬೇಕು, ಏನಿಲ್ಲವೋ ಅದನ್ನು ಮಾರಬೇಕು. ಬೆಲೆ ಕಡಿಮೆಯಿದೆ, ಸ್ವಲ್ಪ ಕಾಯೋಣ ಅನ್ನೋ ಹಾಗಿಲ್ಲ. ಹಾಗಾಗಿ ಕೊಳ್ಳುವವರೇ ಇಲ್ಲದ ಹೊತ್ತಿನಲ್ಲಿ ಮಾರಲೇಬೇಕಾದವರು ಸಾಲುಗಟ್ಟಿ ನಿಲ್ಲುತ್ತಾರೆ. ಮುಂದೆ ಬೆಲೆ ಚೇತರಿಸಿಕೊಂಡರೂ, ತಿಂಗಳು ತಿಂಗಳು ಪೆನ್ಷನ್ ಹಣದಿಂದ ತಾನಾಗಿ ಬರುತ್ತಿದ್ದ ಬೇಡಿಕೆ ಮತ್ತೆ ಬರೋದಿಲ್ಲ. ವಿಶ್ಲೇಷಕರು ಆ ಕಂಪನಿ ಬಗ್ಗೆ ಬರೆಯೋದು ನಿಲ್ಲಿಸುತ್ತಾರೆ. ಬ್ರೋಕರ್‌ಗಳಿಗೆ ಅದನ್ನು ಪಟ್ಟಿಯಲ್ಲಿ ಇಟ್ಟುಕೊಳ್ಳೋಕೆ ಇದ್ದ ಒಂದೇ ಕಾರಣವೂ ಹೋಗುತ್ತೆ. ಬ್ರೋಕರ್ ಹೆದರಿದ್ದಕ್ಕೆ ಸೂಚ್ಯಂಕದಿಂದ ಹೊರಗೆ, ಸೂಚ್ಯಂಕದಲ್ಲಿಲ್ಲ ಅನ್ನೋದಕ್ಕೆ ಇನ್ನಷ್ಟು ಬ್ರೋಕರ್‌ಗಳಿಂದ ಹೊರಗೆ.

ರಷ್ಯದಲ್ಲೇ ನೋಂದಣಿಯಾದ ಕಂಪನಿಗಳ ಪಾಡು ಇದಕ್ಕಿಂತ ಕೆಟ್ಟದ್ದು. ಅವುಗಳ ಡಿಪಾಸಿಟರಿ ರಸೀದಿಗಳ, ಅಂದರೆ ಷೇರಿನ ಬದಲಿಗೆ ಹೊರದೇಶದಲ್ಲಿ ಮಾರುವ ರಸೀದಿಗಳ, ವಹಿವಾಟನ್ನು ಲಂಡನ್ ಷೇರುಪೇಟೆ ಮಾರ್ಚ್ ಆರಂಭದಲ್ಲೇ ನಿಲ್ಲಿಸಿತು. ಫುಟ್ಸಿ ರಸೆಲ್ ಮಾರ್ಚ್ 7ರಂದು, ಇನ್ನೊಂದು ಸೂಚ್ಯಂಕ ಸಂಸ್ಥೆ ಎಂಎಸ್‌ಸಿಐ ಮಾರ್ಚ್ 9ರಂದು ರಷ್ಯದ ಷೇರುಗಳನ್ನು ಸೂಚ್ಯಂಕಗಳಿಂದ ತೆಗೆದವು. ತೆಗೆದ ಬೆಲೆ ಹೆಚ್ಚುಕಡಿಮೆ ಸೊನ್ನೆ. ನೋರಿಲ್ಸ್ಕ್ ನಿಕಲ್ ಅಂಥ ಕಂಪನಿ ಕೂಡ ಇದರಲ್ಲಿತ್ತು. ಪ್ರಪಂಚದ ಗಣಿಗಳಿಂದ ಬರುವ ಪಲ್ಲಾಡಿಯಂನಲ್ಲಿ ಸುಮಾರು 40% ಅದರದ್ದು. ಕಾರುಗಳ ಹೊಗೆ ಶುದ್ಧ ಮಾಡೋಕೆ ಬೇಕಾದ ಲೋಹ. ಅದು ಯುರೋಪಿಗೂ ಅಮೆರಿಕಕ್ಕೂ ಬೇಕೇ ಬೇಕಿತ್ತು, ಆಮೇಲೂ ಮಾರಾಟ ಆಗುತ್ತಲೇ ಇತ್ತು. ಲೋಹಕ್ಕೆ ಗಿರಾಕಿ ಇದ್ದ, ಅದರ ರಸೀದಿ ಇಟ್ಟುಕೊಂಡವನಿಗೆ ಗಿರಾಕಿ ಇರಲಿಲ್ಲ.

ಆ ರಸೀದಿಯ ವ್ಯವಸ್ಥೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಮ್ಮ ಕೈಯಲ್ಲಿರುವುದು ಪಾಶ್ಚಾತ್ಯ ಬ್ಯಾಂಕೊಂದು ಕೊಟ್ಟ ರಸೀದಿ. ಅದರ ಹಿಂದಿನ ನಿಜವಾದ ಷೇರು ಮಾಸ್ಕೋದ ನ್ಯಾಷನಲ್ ಸೆಟಲ್‌ಮೆಂಟ್ ಡಿಪಾಸಿಟರಿಯಲ್ಲಿ. 2022ರ ಏಪ್ರಿಲ್‌ನಲ್ಲಿ ರಷ್ಯ ಇಂಥ ರಸೀದಿಗಳ ಕಾರ್ಯಕ್ರಮ ಮುಗಿಸಿ ಅಂತ ತನ್ನ ಕಂಪನಿಗಳಿಗೆ ಕಾನೂನು ಮಾಡಿತು. ಜೂನ್ 3ರಂದು ಐರೋಪ್ಯ ಒಕ್ಕೂಟ ಆ ಡಿಪಾಸಿಟರಿಯ ಮೇಲೇ ನಿರ್ಬಂಧ ಹಾಕಿತು. ರಸೀದಿ ಕೊಟ್ಟು ಷೇರು ತೆಗೆದುಕೊಳ್ಳೋಣ ಅಂದರೆ ಇತ್ತಲಿಂದ ತಡೆ, ಷೇರು ಸಿಕ್ಕರೂ ಮಾರೋಣ ಅಂದರೆ ಅತ್ತಲಿಂದ ತಡೆ. ಡಿವಿಡೆಂಡ್ ಬಂದರೆ ರಷ್ಯದೊಳಗಿನ 'ಸಿ' ಮಾದರಿಯ ಖಾತೆಗೆ ಹೋಗಿ ಕೂರುತ್ತಿತ್ತು. ಅಲ್ಲಿಂದ ಹೊರಗೆ ತರೋಕೆ ರಷ್ಯದ ಅನುಮತಿ ಬೇಕು.

ನಿರ್ಬಂಧ ಹಾಕದ ದೇಶದವರಿಗೆ ಈ ತೊಂದರೆ ಇರಲಿಲ್ಲ ಅಂತ ಅಂದುಕೊಳ್ಳಬೇಡಿ. ಭಾರತ ನಿರ್ಬಂಧ ಹಾಕಲಿಲ್ಲ. ಆದರೂ ರಷ್ಯದ ತೈಲ ಕ್ಷೇತ್ರಗಳಲ್ಲಿ ಪಾಲು ಕೊಂಡಿದ್ದ ಆಯಿಲ್ ಇಂಡಿಯಾ, ಇಂಡಿಯನ್ ಆಯಿಲ್‌ನಂಥ ನಮ್ಮ ಸರ್ಕಾರಿ ಕಂಪನಿಗಳ ಡಿವಿಡೆಂಡ್ ಹಣ ವರ್ಷಗಟ್ಟಲೆ ಅಲ್ಲಿನ ಬ್ಯಾಂಕಿನಲ್ಲೇ ಉಳಿಯಿತು. ಸರ್ಕಾರದ ಕಂಪನಿಗಳಿಗೇ ಹೀಗಾದರೆ ನೂರಿನ್ನೂರು ಷೇರಿನ ಒಡೆಯ ಯಾರ ಬಾಗಿಲು ತಟ್ಟಬೇಕು?

ಪೆಟ್ರೊಪಾವ್ಲೊವ್ಸ್ಕ್ ಕಥೆ ನನಗೆ ಎಲ್ಲಕ್ಕಿಂತ ಜಾಸ್ತಿ ಬೇಜಾರು ತರಿಸಿದ್ದು. 1994ರಲ್ಲಿ ಪೀಟರ್ ಹ್ಯಾಂಬ್ರೊ ಮತ್ತು ಪಾವೆಲ್ ಮಾಸ್ಲೊವ್ಸ್ಕಿ ಕಟ್ಟಿದ ಕಂಪನಿ. ಗಣಿಗಳು ರಷ್ಯದ ಪೂರ್ವ ತುದಿಯ ಅಮೂರ್ ಪ್ರಾಂತ್ಯದಲ್ಲಿ. ಅದರ ಮೇಲೆ ನೇರವಾಗಿ ನಿರ್ಬಂಧವೇ ಬರಲಿಲ್ಲ. ನಿರ್ಬಂಧ ಬಂದದ್ದು ಅದಕ್ಕೆ ಸಾಲ ಕೊಟ್ಟಿದ್ದ ಗಾಜ್‌ಪ್ರಾಂಬ್ಯಾಂಕ್ ಮೇಲೆ, ಮಾರ್ಚ್ 24ರಂದು. ಸಾಲದ ಕರಾರಿನಲ್ಲಿ ಒಂದು ಷರತ್ತಿತ್ತು. ತೆಗೆದ ಚಿನ್ನವನ್ನೆಲ್ಲ ಅದೇ ಬ್ಯಾಂಕಿಗೆ ಮಾರಬೇಕು. ಬ್ರಿಟನ್ ಕಂಪನಿಯಾದ್ದರಿಂದ ಈಗ ಆ ಬ್ಯಾಂಕಿಗೆ ಸಾಲದ ಕಂತು ಕಟ್ಟುವ ಹಾಗಿಲ್ಲ, ಚಿನ್ನ ಮಾರುವ ಹಾಗೂ ಇಲ್ಲ. ಬೇರೆಯವರಿಗೆ ಮಾರೋಣ ಅಂದರೆ ಕರಾರು ಅಡ್ಡ. ಮರದ ತುಂಬ ಅಡಿಕೆ, ಆದರೆ ಸಾಲ ಕೊಟ್ಟ ಮಂಡಿಗೇ ಹಾಕಬೇಕು, ಆ ಮಂಡಿಗೆ ಬೀಗ ಬಿದ್ದಿದೆ ಅನ್ನೋ ಸ್ಥಿತಿ. ಬ್ಯಾಂಕ್ ತನ್ನ ಸಾಲದ ಹಕ್ಕನ್ನು ರಷ್ಯದ ಗಣಿ ಸಮೂಹ ಯುಜಿಎಂಕೆಗೆ ವರ್ಗಾಯಿಸಿತು. ಸಾಲ ಈಗಲೇ ತೀರಿಸಿ ಅನ್ನೋ ಬೇಡಿಕೆ ಬಂತು. ಜುಲೈನಲ್ಲಿ ಕಂಪನಿ ದಿವಾಳಿ ಆಡಳಿತಕ್ಕೆ ಹೋಯಿತು. ಗಣಿಗಳು ಅದೇ ಯುಜಿಎಂಕೆ ಪಾಲಾದವು. ಷೇರುದಾರರ ಕೈಗೆ ಏನೂ ಬರಲಿಲ್ಲ.

ಆ ಕಂಪನಿಯ ಷೇರು ಇಟ್ಟುಕೊಂಡವರು ನಿರ್ಬಂಧದ ಪಟ್ಟಿಯಲ್ಲಿ ಕಂಪನಿಯ ಹೆಸರಿದೆಯಾ ಅಂತ ದಿನಾ ನೋಡುತ್ತಿದ್ದಿರಬಹುದು. ಹೆಸರು ಬರಲೇ ಇಲ್ಲ. ಏಟು ಬಿದ್ದದ್ದು ವಾರ್ಷಿಕ ವರದಿಯ ಹಿಂದಿನ ಪುಟಗಳಲ್ಲಿ, ಸಾಲದ ಟಿಪ್ಪಣಿಯಲ್ಲಿ ಅಡಗಿದ್ದ ಒಂದು ಷರತ್ತಿನಿಂದ. ಗಣಿ ಷೇರು ಕೊಳ್ಳುವವರು ಅದಿರಿನ ಗುಣಮಟ್ಟ, ಔನ್ಸಿಗೆ ಖರ್ಚು, ಗಣಿಯ ಆಯಸ್ಸು ಎಲ್ಲ ನೋಡುತ್ತಾರೆ. ಸಾಲ ಕೊಟ್ಟವರು ಯಾರು, ಸರಕು ಕೊಳ್ಳುವವರು ಯಾರು ಅನ್ನೋದನ್ನು ನೋಡುವವರು ಬಹಳ ಕಡಿಮೆ.

ಇನ್ನು ಪಾಲಿಮೆಟಲ್ ವಿಷಯಕ್ಕೆ ಬರೋಣ. ಅದು ಸಾಯಲಿಲ್ಲ. ಆದರೆ ಬದುಕಿದ ರೀತಿ ಲಂಡನ್ ಷೇರುದಾರರಿಗೆ ಹೆಚ್ಚು ಉಪಯೋಗಕ್ಕೆ ಬರಲಿಲ್ಲ. 2021ರ ಅಂತಿಮ ಡಿವಿಡೆಂಡ್ ಪ್ರಸ್ತಾಪ ಮಾಡಿ, ಮುಂದೂಡಿ, ಕೊನೆಗೆ ಕೊಡಲಿಲ್ಲ. ಜರ್ಸಿ ರಷ್ಯದ ದೃಷ್ಟಿಯಲ್ಲಿ ವಿರೋಧಿ ನಾಡು. ಅಲ್ಲಿ ನೋಂದಣಿಯಾದ ಕಂಪನಿ ರಷ್ಯದ ಆಸ್ತಿಯನ್ನು ಬೇರ್ಪಡಿಸೋದು ಕಷ್ಟ. ಹಾಗಾಗಿ ಕಜಾಕಸ್ತಾನದ ಅಸ್ತಾನಾಗೆ ನೋಂದಣಿ ಬದಲಾಯಿಸುವ ಕೆಲಸ ನಡೆಯಿತು. ಆ ನಡುವೆ 2023ರ ಮೇ 19ರಂದು ಅಮೆರಿಕ ಅದರ ರಷ್ಯದ ಅಂಗಸಂಸ್ಥೆಯ ಮೇಲೆ ನಿರ್ಬಂಧ ಹಾಕಿತು. ಆಗಸ್ಟ್‌ನಲ್ಲಿ ಸ್ಥಳಾಂತರ ಮುಗಿಯಿತು, ಲಂಡನ್ ವಹಿವಾಟು ಕೊನೆಯಾಯಿತು. ಮುಂದಿನ ವರ್ಷ ರಷ್ಯದ ಗಣಿಗಳನ್ನು ಮಂಗಜೇಯ ಅನ್ನೋ ಕಂಪನಿಗೆ ಮಾರಿ, ಹೆಸರನ್ನು ಸಾಲಿಡ್‌ಕೋರ್ ರಿಸೋರ್ಸಸ್ ಅಂತ ಬದಲಾಯಿಸಿಕೊಂಡಿತು. ಉಳಿದದ್ದು ಕಜಾಕಸ್ತಾನದ ಕೈಜಿಲ್, ವರ್ವಾರಾ ಗಣಿಗಳು. ಒಂದು ಕಾಲದಲ್ಲಿ ಒಂದೇ ಷೇರಿಗೆ ಮಾಸ್ಕೋದಲ್ಲಿ ಒಂದು ಬೆಲೆ, ಲಂಡನ್‌ನಲ್ಲಿ ಇನ್ನೊಂದು ಬೆಲೆ ಇತ್ತು. ಮಾಸ್ಕೋದಲ್ಲಿ ಸಿಕ್ಕಿಕೊಂಡ ಷೇರು ಹೊರಗೆ ಬರೋಕೆ ಆಗುತ್ತಿರಲಿಲ್ಲವಲ್ಲ, ಅದಕ್ಕೆ.

ಆ ಆಗಸ್ಟ್‌ಗೆ ಮುಂಚೆ ಗೆಳೆಯರಿಗೆ ಬ್ರೋಕರ್ ಕಡೆಯಿಂದ ಬಂದ ಪತ್ರವನ್ನು ಒಟ್ಟಿಗೆ ಕೂತು ಓದಿದ್ದೆವು. ಪುಟಗಟ್ಟಲೆ ಇತ್ತು. ಸಾರ ಇಷ್ಟೇ: ಲಂಡನ್‌ನಲ್ಲಿ ಈ ಷೇರು ಇರೋದಿಲ್ಲ. ಅಸ್ತಾನಾ ಷೇರುಪೇಟೆಯಲ್ಲಿ ನಾವು ವಹಿವಾಟು ಮಾಡೋದಿಲ್ಲ. ಈ ತಾರೀಕಿನೊಳಗೆ ಮಾರಿ, ಇಲ್ಲವೇ ಬೇರೆ ಕಡೆ ವರ್ಗಾಯಿಸಿಕೊಳ್ಳಿ. ಬೇರೆ ಕಡೆ ಅಂದರೆ ಎಲ್ಲಿ? ಕಜಾಕಸ್ತಾನದ ಬ್ರೋಕರ್ ಹತ್ತಿರ ಖಾತೆ ತೆರೆಯಬೇಕು. ಅದಕ್ಕೆ ದಾಖಲೆ, ದೃಢೀಕರಣ, ಗುರುತು ಪರಿಚಯವಿಲ್ಲದ ಊರಿನ ನಿಯಮಗಳು. ಅಷ್ಟೆಲ್ಲ ಮಾಡುವಷ್ಟು ದೊಡ್ಡ ಮೊತ್ತ ಅಲ್ಲ ಅದು. ಬಿಟ್ಟುಬಿಡುವಷ್ಟು ಸಣ್ಣದೂ ಅಲ್ಲ. ಅವರು ಮಾರಿದರು. ಕೊಂಡ ಬೆಲೆಯ ಹತ್ತಿರಕ್ಕೂ ಬರಲಿಲ್ಲ. ಚಿನ್ನ ಆಮೇಲೆ ಏರಿ ದುಪ್ಪಟ್ಟಾಯಿತು. ಅವರ ಊಹೆ ಸರಿಯಾಗಿಯೇ ಇತ್ತು ಅನ್ನೋದೇ ನನ್ನನ್ನು ಈಗಲೂ ಕಾಡುತ್ತೆ.

ಇಂಥ ಹೊತ್ತಿನಲ್ಲಿ ಕಡಿಮೆ ಬೆಲೆಗೆ ಇನ್ನಷ್ಟು ಕೊಂಡವರೂ ಇದ್ದರು. ಅವರಿಗೆ ಧೈರ್ಯ ಕೊಟ್ಟದ್ದು 2018ರ ನೆನಪು ಅಂತ ನನಗನ್ನಿಸುತ್ತೆ. ಆ ವರ್ಷ ಏಪ್ರಿಲ್ 6ರಂದು ಅಮೆರಿಕ ಒಲೆಗ್ ಡೆರಿಪಾಸ್ಕಾ ಮತ್ತು ಅವರ ಅಲ್ಯೂಮಿನಿಯಂ ಕಂಪನಿ ರುಸಾಲ್ ಮೇಲೆ ನಿರ್ಬಂಧ ಹಾಕಿತು. ಸೋಮವಾರ ಹಾಂಗ್‌ಕಾಂಗ್‌ನಲ್ಲಿ ರುಸಾಲ್ ಷೇರು ಒಂದೇ ದಿನ ಅರ್ಧಕ್ಕೆ ಬಿತ್ತು. ಪ್ರಪಂಚದಲ್ಲಿ ಅಲ್ಯೂಮಿನಿಯಂ ಬೆಲೆ ಜಿಗಿಯಿತು. ಕಾರ್ಖಾನೆಗಳು ಗೋಳಾಡಿದವು. ಅಮೆರಿಕ ಗಡುವು ಮುಂದಕ್ಕೆ ಹಾಕುತ್ತಾ ಹೋಗಿ, ಡೆರಿಪಾಸ್ಕಾ ತಮ್ಮ ಪಾಲು ಇಳಿಸಿದ ಮೇಲೆ 2019ರ ಜನವರಿ 27ರಂದು ಕಂಪನಿಯ ಮೇಲಿನ ನಿರ್ಬಂಧ ತೆಗೆಯಿತು. ಹೆದರಿ ಮಾರಿದವರು ಕೆಟ್ಟರು, ಗಟ್ಟಿಯಾಗಿ ಕೂತವರು ಉಳಿದರು.

ಆ ಪಾಠವನ್ನೇ 2022ಕ್ಕೆ ಹಚ್ಚಿದರೆ ಏನಾಗುತ್ತೆ? 2018ರಲ್ಲಿ ಅಮೆರಿಕಕ್ಕೆ ಬೇಕಿದ್ದದ್ದು ಒಬ್ಬ ಮನುಷ್ಯ ತನ್ನ ಹಿಡಿತ ಬಿಡೋದು. ಅದು ಆಗಬಹುದಾದ ಕೆಲಸ. 2022ರಲ್ಲಿ ನಡೆಯುತ್ತಿದ್ದದ್ದು ಯುದ್ಧ. ಒಬ್ಬ ಷೇರುದಾರ ಪಾಲು ಮಾರಿದರೆ ಅದು ನಿಲ್ಲೋದಿಲ್ಲ. ನಿರ್ಬಂಧ ಬಂದಾಗ ಅದರ ಹಿಂದಿನ ಉದ್ದೇಶ ಏನು, ಅದು ಈಡೇರೋಕೆ ಸಾಧ್ಯವಾ ಅಂತ ಕೇಳಬೇಕು. ಷೇರು ಎಷ್ಟು ಬಿದ್ದಿದೆ ಅನ್ನೋದು ಆ ಪ್ರಶ್ನೆಗೆ ಉತ್ತರ ಕೊಡೋದಿಲ್ಲ. ಎವ್ರಾಜ್ 5 ಪೌಂಡಿನಿಂದ 81 ಪೆನ್ಸಿಗೆ ಬಂದಾಗ ಇನ್ನೆಷ್ಟು ಬೀಳುತ್ತೆ ಬಿಡಿ ಅಂದವರ ಹಣವೂ ಅಲ್ಲೇ ನಿಂತಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಈ ನಿರ್ಬಂಧಗಳು ತಪ್ಪು ಅಂತ ನಾನು ವಾದಿಸುತ್ತಿಲ್ಲ. ಉಕ್ರೇನಿನಲ್ಲಿ ಮನೆ ಮಠ ಕಳೆದುಕೊಂಡವರ, ಮಕ್ಕಳನ್ನು ಕಳೆದುಕೊಂಡವರ ಮುಂದೆ ಷೇರುದಾರನ ನಷ್ಟ ಏನೇನೂ ಅಲ್ಲ. ಎವ್ರಾಜ್ ಉಕ್ಕು ರಷ್ಯದ ಸೇನೆಗೆ ಹೋಗುತ್ತಿರಬಹುದು ಅಂತ ಬ್ರಿಟನ್ ಸರ್ಕಾರ ಹೇಳಿತ್ತು, ಕಂಪನಿ ಅದನ್ನು ಅಲ್ಲಗಳೆದಿತ್ತು. ಹೇಗಿದ್ದರೂ ಅಂಥ ಹೊತ್ತಿನಲ್ಲಿ ಯಾವ ಸರ್ಕಾರವೂ ಸಣ್ಣ ಷೇರುದಾರರ ಲೆಕ್ಕ ಹಿಡಿಯೋದಿಲ್ಲ, ಹಿಡಿಯಲಿ ಅಂತ ಕೇಳೋಕೂ ಆಗೋದಿಲ್ಲ. ಆದ್ದರಿಂದ ಆ ಲೆಕ್ಕವನ್ನು ಕೊಳ್ಳುವ ಮುಂಚೆ ನಾವೇ ಹಿಡಿಯಬೇಕು.

ಲಂಡನ್ ಹಣ ದೂರದ ಗಣಿಗೆ ಹೋಗೋದು ಹೊಸದೇನಲ್ಲ. ನಮ್ಮ ಕೋಲಾರದ ಚಿನ್ನದ ಗಣಿಗಳೂ ಹಾಗೆ ನಡೆದವೇ. ಜಾನ್ ಟೇಲರ್ ಆಂಡ್ ಸನ್ಸ್ ನಡೆಸುತ್ತಿದ್ದ ಆ ಕಂಪನಿಗಳ ಷೇರುಗಳು ಲಂಡನ್‌ನಲ್ಲಿ ಮಾರಾಟವಾಗುತ್ತಿದ್ದವು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. ಅದು ನಮ್ಮ ಜನರಿಗೆ ನ್ಯಾಯವಾದ ಕೆಲಸವೇ. ಆದರೆ ಲಂಡನ್‌ನಲ್ಲಿ ಕೂತ ಷೇರುದಾರನ ಕಡೆಯಿಂದ ನೋಡಿದರೆ, ಗಣಿ ಯಾವ ನೆಲದಲ್ಲಿದೆಯೋ ಆ ನೆಲದ ಸರ್ಕಾರವೇ ಕೊನೆಯ ಮಾತು ಹೇಳಿತು. ಕಾರ್ಖಾನೆಯ ಯಂತ್ರ ಬಿಚ್ಚಿ ಬೇರೆ ಊರಿಗೆ ಸಾಗಿಸಬಹುದು, ಅದಿರನ್ನು ಹಾಗೆ ಎತ್ತಿಕೊಂಡು ಹೋಗೋಕೆ ಆಗೋದಿಲ್ಲ. ಗಣಿ ಷೇರುಗಳಿಗೆ ಈ ಅಪಾಯ ಬೇರೆಯವಕ್ಕಿಂತ ಜಾಸ್ತಿ ಇರೋದು ಅದಕ್ಕೇ.

ಹಾಗಾದರೆ ಮುಟ್ಟಲೇಬಾರದಾ ಅಂತ ಕೇಳುವವರಿಗೆ ನಾನು ಪ್ರಮಾಣದ ಬಗ್ಗೆ ಹೇಳುತ್ತೇನೆ. ಎಂಎಸ್‌ಸಿಐ ಉದಯೋನ್ಮುಖ ಮಾರುಕಟ್ಟೆಗಳ ಸೂಚ್ಯಂಕದಲ್ಲಿ ರಷ್ಯದ ಪಾಲು ಯುದ್ಧಕ್ಕೆ ಮುಂಚೆ ಸುಮಾರು 3% ಇತ್ತು. ಆ ಫಂಡ್ ಇಟ್ಟುಕೊಂಡವರು ಆ 3% ಕಳೆದುಕೊಂಡರು, ಎಷ್ಟೋ ಜನರಿಗೆ ಅದು ಗೊತ್ತೂ ಆಗಲಿಲ್ಲ. ಅದೇ ರಷ್ಯ ಒಂದಕ್ಕೇ ಮೀಸಲಾದ ಫಂಡ್ ಕೊಂಡವರು ಹೆಚ್ಚುಕಡಿಮೆ ಎಲ್ಲ ಕಳೆದುಕೊಂಡರು. ಸೊನ್ನೆಯಾದರೆ ರಾತ್ರಿ ನಿದ್ದೆ ಬರುತ್ತಾ? ಅಷ್ಟು ಮಾತ್ರ ಇಡಿ. ಬೆಲೆ ಅರ್ಧವಾದರೆ ಅಂತ ಲೆಕ್ಕ ಹಾಕೋದು ಇಂಥ ಷೇರಿಗೆ ಸಾಲದು. ಮಾರೋಕೇ ಆಗದಿದ್ದರೆ ಅಂತ ಲೆಕ್ಕ ಹಾಕಿ. ಬೆಲೆ ಇಷ್ಟಕ್ಕೆ ಇಳಿದರೆ ತಾನಾಗಿ ಮಾರಿ ಅನ್ನೋ ಸ್ಟಾಪ್‌ಲಾಸ್ ಹಾಕಿದ್ದೇನೆ ಅನ್ನೋ ಧೈರ್ಯ ಬೇಡ, ವಹಿವಾಟೇ ನಿಂತ ಮೇಲೆ ಅದಕ್ಕೆ ಕೆಲಸ ಇಲ್ಲ.

ಡಿವಿಡೆಂಡ್ ಅಷ್ಟು ಜಾಸ್ತಿ ಯಾಕೆ ಅಂತಲೂ ಕೇಳಬೇಕು. ಯುದ್ಧಕ್ಕೆ ಮುಂಚೆ ಈ ಕಂಪನಿಗಳು ಕೆನಡಾ, ಆಸ್ಟ್ರೇಲಿಯಾದ ಗಣಿ ಕಂಪನಿಗಳಿಗಿಂತ ಅಗ್ಗವಾಗಿ ಸಿಗುತ್ತಿದ್ದವು. ಅಗ್ಗ ಅಂತ ಕೊಂಡರು. ಆ ವ್ಯತ್ಯಾಸವೇ ಅಪಾಯದ ಬೆಲೆಯಾಗಿತ್ತು. 2014ರಲ್ಲಿ ಕ್ರಿಮಿಯಾ ವಿಷಯಕ್ಕೆ ನಿರ್ಬಂಧಗಳು ಶುರುವಾದ ಮೇಲೆ ಅದು ಗುಟ್ಟೂ ಆಗಿರಲಿಲ್ಲ.

ಈಗಲೂ ಶಾಂತಿ ಮಾತುಕತೆ ಅಂತ ಸುದ್ದಿ ಬಂದಾಗಲೆಲ್ಲ ಗೆಳೆಯರಲ್ಲಿ ಒಬ್ಬರಲ್ಲ ಒಬ್ಬರು ಕೇಳುತ್ತಾರೆ, ನಿಂತ ಷೇರುಗಳು ವಾಪಸ್ ಬರುತ್ತವಾ ಅಂತ. ಎವ್ರಾಜ್ ಷೇರು ಮತ್ತೆ ಚಲಾವಣೆಗೆ ಬರಬೇಕಾದರೆ ಬ್ರಿಟನ್ ನಿರ್ಬಂಧ ತೆಗೆಯಬೇಕು. ನಿಯಂತ್ರಕರು ವಹಿವಾಟಿಗೆ ಒಪ್ಪಬೇಕು. ಲಂಡನ್ ಒಪ್ಪುವಂಥ ಲೆಕ್ಕಪರಿಶೋಧಕರು, ನಿರ್ದೇಶಕರು ಸಿಗಬೇಕು. ರಷ್ಯದೊಳಗಿನ ಲಾಭ ಹೊರಗೆ ಬರೋಕೆ ಮಾಸ್ಕೋ ಬಿಡಬೇಕು. ಆಮೇಲೆ ಬ್ರೋಕರ್‌ಗಳು, ಅದಾದ ಮೇಲೆ ಸೂಚ್ಯಂಕ. ಅಷ್ಟರೊಳಗೆ ಕಂಪನಿಯ ಉತ್ತರ ಅಮೆರಿಕದ ವ್ಯವಹಾರವೂ 2025ರಲ್ಲಿ ಬೇರೆಯವರ ಕೈಸೇರಿದೆ. ನಿಂತ ಷೇರು ಇಟ್ಟುಕೊಂಡವರಿಗೆ ನಾನು ಹೇಳೋದು, ಬ್ರೋಕರ್ ಕಳಿಸಿದ ಹೇಳಿಕೆಗಳನ್ನೆಲ್ಲ ಜೋಪಾನವಾಗಿಡಿ. ಬ್ರಿಟನ್‌ನಲ್ಲಿ ತೆರಿಗೆ ಕಟ್ಟುವವರಾದರೆ, ಸಾಮಾನ್ಯ ಖಾತೆಯಲ್ಲಿರುವ ಷೇರಿಗೆ ಬೆಲೆಯೇ ಉಳಿದಿಲ್ಲ ಅಂತ ತೋರಿಸಿ ನಷ್ಟವನ್ನು ಬೇರೆ ಲಾಭದ ಎದುರು ಹಿಡಿಯೋಕೆ ಅರ್ಜಿ ಹಾಕುವ ದಾರಿ ಇದೆ. ಬ್ರಿಟನ್‌ನ ತೆರಿಗೆರಹಿತ ಉಳಿತಾಯ ಖಾತೆಯಾದ ಐಸಾದೊಳಗಿದ್ದರೆ ಆ ದಾರಿಯೂ ಇಲ್ಲ. ಐಸಾದೊಳಗಿನ ಲಾಭಕ್ಕೆ ತೆರಿಗೆ ಇಲ್ಲದ ಹಾಗೆಯೇ ನಷ್ಟಕ್ಕೂ ಲೆಕ್ಕ ಇಲ್ಲ. ನಮ್ಮ ಗೆಳೆಯರದ್ದು ಐಸಾದಲ್ಲೇ ಇತ್ತು.